ತಂತಿಯಾಚೆಯ ಗಣಕಯಂತ್ರ

ಶಿರಸಿಯ ಕಚೇರಿಯೊಂದರ ಕಿಟಕಿಯ ಮುಂದೆ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಬೆಳಗಿನ ಬಸ್ಸು ಹಿಡಿದು ಹಳ್ಳಿಯಿಂದ ಬಂದಿದ್ದೀರಿ. ಒಳಗೆ ಕುಳಿತವರು ಕೀಲಿಮಣೆಯನ್ನು ನಾಲ್ಕು ಸಲ ಕುಟ್ಟಿ, "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುತ್ತಾರೆ. ಈ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮಳೆ ಬರಲಿಲ್ಲ ಎಂಬ ಸುದ್ದಿಯನ್ನು ಒಪ್ಪಿಕೊಂಡ ಹಾಗೆ ಇದನ್ನೂ ಒಪ್ಪಿಕೊಂಡು ಹಿಂತಿರುಗುತ್ತೇವೆ. ಆದರೆ ಸರ್ವರ್ ಎಂಬುದು ಮಳೆಯಲ್ಲ. ಅದು ಎಲ್ಲಿಯೋ ಇರುವ ಒಂದು ಯಂತ್ರ. ಅದಕ್ಕೂ ನಮಗೂ ನಡುವೆ ಒಂದು ದಾರಿ ಇದೆ. ಆ ದಾರಿಯ ಯಾವುದೋ ಒಂದು ಕೊಂಡಿ ಕಳಚಿರುತ್ತದೆ. ಯಾವ ಕೊಂಡಿ ಎಂದು ಹುಡುಕುವ ಬಗೆಯನ್ನು ನಾನು ಕಲಿತದ್ದು ದೂರವಾಣಿಯ ತಂತಿಯ ಮೇಲೆ ಗಣಕಯಂತ್ರಗಳು ಮಾತನಾಡುತ್ತಿದ್ದ ಕಾಲದಲ್ಲಿ. ಆ ಕಾಲ ಮುಗಿದಿದೆ; ಪಾಠ ಮಾತ್ರ ಮುಗಿದಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

1995ರಲ್ಲಿ ನಾನು ಒಂದು ಸಹಕಾರಿ ಸಂಘದಲ್ಲಿ ಗಣಕಯಂತ್ರವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮುಖ್ಯ ಕಚೇರಿ ಶಿರಸಿಯಲ್ಲಿ. ಶಾಖೆಗಳು ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ. ಲೆಕ್ಕವೆಲ್ಲ ಶಿರಸಿಯ ಯಂತ್ರದೊಳಗೆ. ಶಾಖೆಗಳಲ್ಲಿ ಇದ್ದದ್ದು ಟರ್ಮಿನಲ್, ಎಂದರೆ ಒಂದು ಪರದೆ, ಒಂದು ಕೀಲಿಮಣೆ. ಪಕ್ಕದಲ್ಲಿ ಸೂಜಿಗಳಿಂದ ಅಕ್ಷರ ಕುಟ್ಟುವ ಒಂದು ಪ್ರಿಂಟರು. ನಡುವೆ ದೂರವಾಣಿ. ಅದರ ಎರಡು ತುದಿಗೂ ಮೋಡೆಮ್ ಎಂಬ ಪೆಟ್ಟಿಗೆ. ದೂರವಾಣಿ ಹುಟ್ಟಿದ್ದು ಮನುಷ್ಯನ ದನಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ದನಿಯನ್ನಷ್ಟೇ ಅದು ಸಾಗಿಸುತ್ತದೆ. ಆದುದರಿಂದ ಅಂಕೆಯನ್ನು ದನಿಯಾಗಿ ಮಾಡಿ ಕಳಿಸಿ, ಆಚೆ ತುದಿಯಲ್ಲಿ ದನಿಯನ್ನು ಮತ್ತೆ ಅಂಕೆ ಮಾಡುವುದೇ ಮೋಡೆಮ್ಮಿನ ಕೆಲಸ. ಕರೆ ಕೂಡಿದಾಗ ಅವೆರಡೂ ಕೀಚಲು ದನಿಯಲ್ಲಿ ಒಂದನ್ನೊಂದು ಕುಶಲ ವಿಚಾರಿಸಿದಂತೆ ಕೇಳುತ್ತಿತ್ತು.

ನಮ್ಮ ಸೀಮೆಯನ್ನು ಬಲ್ಲವರಿಗೆ ಆ ತಂತಿಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿರಸಿಯಿಂದ ಯಲ್ಲಾಪುರಕ್ಕೆ ಸುಮಾರು 50 ಕಿಲೋಮೀಟರು; ದಾರಿಯುದ್ದಕ್ಕೂ ಕಾಡು. ಆಷಾಢದ ಮಳೆಯಲ್ಲಿ ಕೊಂಬೆ ಬೀಳುತ್ತದೆ, ಗಂಟುಗಳಲ್ಲಿ ನೀರು ಇಳಿಯುತ್ತದೆ, ಮಂಗಗಳು ತಂತಿ ಹಿಡಿದು ಜೋಲಾಡುತ್ತವೆ. ಚೈತ್ರ ವೈಶಾಖದ ಸಿಡಿಲು ಬಂತೆಂದರೆ ಮೋಡೆಮ್ಮೇ ಸುಟ್ಟುಹೋಗುತ್ತದೆ. ಗುಡುಗು ಕೇಳಿದೊಡನೆ ವಿದ್ಯುತ್ತಿನ ತಂತಿಯನ್ನು ಮಾತ್ರವಲ್ಲ, ದೂರವಾಣಿಯ ತಂತಿಯನ್ನೂ ಕಿತ್ತಿಡಬೇಕು ಎಂದು ಕಲಿಯುವ ಮೊದಲು ಎರಡು ಮೋಡೆಮ್ಮುಗಳನ್ನು ಕಳೆದುಕೊಂಡಿದ್ದೆವು.

ಇನ್ನು ಒಳಗೆ ಪ್ರವೇಶಿಸುವ ತೊಂದರೆ. ಶಾಖೆಯಿಂದ ದಿನವೂ ಬರುತ್ತಿದ್ದ ದೂರು ಒಂದೇ: "ಲಾಗಿನ್ ಆಗುತ್ತಿಲ್ಲ." ನಾನು ಮೊದಲು ಕೇಳುತ್ತಿದ್ದದ್ದು, "ಪರದೆಯ ಮೇಲೆ ಏನಿದೆ?" ಎಂದು. ಏನೂ ಇಲ್ಲದಿದ್ದರೆ ಕರೆಯೇ ಕೂಡಿಲ್ಲ. ಮೋಡೆಮ್ಮಿನ ದೀಪ ನೋಡಬೇಕು. ಅರ್ಥವಿಲ್ಲದ ಚಿಹ್ನೆಗಳು ತುಂಬಿದ್ದರೆ ಎರಡು ತುದಿಯ ವೇಗ ಹೊಂದಿಲ್ಲ. ಬ್ರೇಕ್ ಎಂಬ ಗುಂಡಿಯನ್ನು ಒಂದೆರಡು ಸಲ ಒತ್ತಿದರೆ ಆಚೆಯ ಯಂತ್ರ ಬೇರೆ ವೇಗಕ್ಕೆ ಬದಲಾಯಿಸಿ ನೋಡುತ್ತದೆ. ಪರದೆಯಲ್ಲಿ ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರುತ್ತಿದ್ದರೆ ಗುಮಾಸ್ತರು ಹೆಸರನ್ನು ದೊಡ್ಡಕ್ಷರಗಳಲ್ಲಿ ಒತ್ತಿದ್ದಾರೆ ಎಂದು ತಿಳಿಯಬೇಕು. ಅಂದಿನ ಯುನಿಕ್ಸ್ ಯಂತ್ರಕ್ಕೆ ಒಂದು ವಿಚಿತ್ರ ಸೌಜನ್ಯವಿತ್ತು. ಬಂದವನು ದೊಡ್ಡಕ್ಷರದಲ್ಲಿ ಹೆಸರು ಹೇಳಿದರೆ, "ಪಾಪ, ಇವನ ಯಂತ್ರಕ್ಕೆ ಚಿಕ್ಕಕ್ಷರವೇ ಇಲ್ಲ" ಎಂದು ತಿಳಿದು ತಾನೂ ದೊಡ್ಡಕ್ಷರದಲ್ಲೇ ಮಾತನಾಡತೊಡಗುತ್ತಿತ್ತು. ಕರೆ ಕಡಿದು, ಕೀಲಿ ಸಡಿಲಿಸಿ, ಮೊದಲಿನಿಂದ ಆರಂಭಿಸುವುದೇ ಅದಕ್ಕೆ ಮದ್ದು.

ಹೆಸರು ಸರಿಯಾಗಿದ್ದು ಗುಪ್ತಪದವನ್ನು ಯಂತ್ರ ಒಪ್ಪದಿದ್ದರೆ? ಗುಪ್ತಪದ ಪರದೆಯಲ್ಲಿ ಕಾಣುವುದಿಲ್ಲ. ತಪ್ಪಿದೆ ಎನಿಸಿದಾಗ ಅಳಿಸುವ ಗುಂಡಿಯನ್ನು ಒತ್ತುತ್ತೇವೆ. ಕೆಲವು ಹೊಂದಿಕೆಗಳಲ್ಲಿ ಆ ಗುಂಡಿ ಅಳಿಸುತ್ತಿರಲಿಲ್ಲ. ಕಾಣದ ಇನ್ನೊಂದು ಚಿಹ್ನೆಯನ್ನು ಸೇರಿಸುತ್ತಿತ್ತು! ತಂತಿಯ ಗದ್ದಲವೂ ಹಾಗೆಯೇ ಒಂದೆರಡು ಚಿಹ್ನೆಗಳನ್ನು ತುರುಕುತ್ತಿತ್ತು. ತಪ್ಪಿದರೆ ತಿದ್ದಲು ಹೋಗದೆ ಎಂಟರ್ ಒತ್ತಿ ಮೊದಲಿನಿಂದ ನಿಧಾನವಾಗಿ ಒತ್ತಿರಿ ಎಂದು ನಾನು ಹೇಳುತ್ತಿದ್ದೆ. ಒಳಗೆ ಹೋದ ಮೇಲೆ ನಡುವೆಯೇ ಕರೆ ಕಡಿದರೆ ತಂತಿಯನ್ನು ಬಯ್ಯುವ ಮೊದಲು ಮ್ಯಾನೇಜರರ ಕೊಠಡಿಗೆ ಒಮ್ಮೆ ಹೋಗಿ ನೋಡಬೇಕಾಗಿತ್ತು. ಅದೇ ತಂತಿಗೆ ಜೋಡಿಸಿದ ಇನ್ನೊಂದು ಫೋನನ್ನು ಅವರು ಎತ್ತಿರುತ್ತಿದ್ದರು.

ಕಡಿದ ಕರೆಯಲ್ಲಿ ಇನ್ನೊಂದು ಅಪಾಯವೂ ಇತ್ತು. ಮೋಡೆಮ್ಮಿಗೂ ಯಂತ್ರಕ್ಕೂ ನಡುವೆ ಬರಿಯ ಮೂರು ಎಳೆಯ ಕೇಬಲ್ ಹಾಕಿದ್ದರೆ ಕರೆ ಕಡಿದದ್ದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಒಳಗೆ ಹೋದವನು ಇನ್ನೂ ಕುಳಿತಿದ್ದಾನೆ ಎಂದೇ ಅದು ನಂಬಿರುತ್ತದೆ. ಸಿದ್ದಾಪುರದ ಕರೆ ಕಡಿದು, ಮರುಗಳಿಗೆಯಲ್ಲಿ ಯಲ್ಲಾಪುರದವರು ಅದೇ ಮೋಡೆಮ್ಮಿಗೆ ಕರೆ ಮಾಡಿದರೆ, ಗುಪ್ತಪದವನ್ನು ಕೇಳದೆಯೇ ಸಿದ್ದಾಪುರದವರ ಅಧಿಕಾರ ಇವರ ಕೈಗೆ ಬರುತ್ತದೆ. ಯಜಮಾನ ಬಾಗಿಲು ತೆರೆದಿಟ್ಟು ಹೋದ ಮನೆಯಂತೆ. ಕರೆ ಇದೆ ಇಲ್ಲ ಎಂಬ ಸುದ್ದಿ ತರುವ ಎಳೆಯೂ ಇರುವ ಪೂರ್ಣ ಕೇಬಲ್ ಹಾಕಿಸಿದ ಮೇಲೆ ಅದು ಸರಿಹೋಯಿತು.

ಈಗ ಮುದ್ರಣದ ಮಾತು. ಇಲ್ಲಿಯೂ ರೋಗಗಳು ಹಲವು, ಲಕ್ಷಣಗಳು ಸ್ಪಷ್ಟ. ಪ್ರತಿಯೊಂದು ಸಾಲೂ ಹಿಂದಿನ ಸಾಲು ಮುಗಿದಲ್ಲಿಂದ ಶುರುವಾಗಿ ಕಾಗದದ ಮೇಲೆ ಮೆಟ್ಟಿಲು ಇಳಿದರೆ, ಕಾಗದ ಮೇಲೇರುತ್ತಿದೆ, ತಲೆ ಎಡಕ್ಕೆ ಮರಳುತ್ತಿಲ್ಲ ಎಂದರ್ಥ. ಏನೂ ಮುದ್ರಣವಾಗದಿದ್ದರೆ, ಆಜ್ಞೆ ಶಿರಸಿಯ ಪ್ರಿಂಟರಿಗೆ ಹೋಗಿರಬಹುದು. ಒಮ್ಮೆ ಸಿದ್ದಾಪುರದವರು ಬರಲಿಲ್ಲವೆಂದು ಮತ್ತೆ ಮತ್ತೆ ಒತ್ತಿದರು. ಶಿರಸಿಯಲ್ಲಿ ಒಂದೇ ಪಟ್ಟಿ 12 ಸಲ ಬಂದು ಬಿದ್ದಿತ್ತು. ಮಳೆಗಾಲದಲ್ಲಂತೂ ಕಾಗದವೇ ತೇವ ಹೀರಿ ಉಬ್ಬಿ ಹಲ್ಲುಗಾಲಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಆ ವರ್ಷದ ಜುಲೈ ತಿಂಗಳಲ್ಲಿ ಯಲ್ಲಾಪುರ ಶಾಖೆಯಲ್ಲಿ ನಡೆದದ್ದು ಇಷ್ಟು ಹಗುರವಾದುದಲ್ಲ. ವಯಸ್ಸಾದ ತೋಟಿಗರೊಬ್ಬರು ತಮ್ಮ ಖಾತೆಯ ಉತಾರ ತೆಗೆದುಕೊಂಡರು. ಮನೆಗೆ ಹೋಗಿ ನೋಡಿದರೆ ಅಡಿಕೆ ವಿಕ್ರಿಯ ಎರಡು ಜಮೆ ಅದರಲ್ಲಿ ಇಲ್ಲ. ಪಟ್ಟಿಗಳು ಅವರ ಕೈಯಲ್ಲಿವೆ, ಕಾಗದದಲ್ಲಿ ಸಾಲುಗಳಿಲ್ಲ. ಊರಲ್ಲಿ ಮಾತು ಹಬ್ಬಿತು. ಎರಡೂ ಜಮೆಗಳನ್ನು ಬರೆದವನು ಒಬ್ಬನೇ ಗುಮಾಸ್ತ, ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗ. ಶಾಖೆಯವರು ಅವನಿಂದ ಲಿಖಿತ ಉತ್ತರ ಕೇಳಿದರು. ಯಂತ್ರ ಕಾಗದದ ಮೇಲೆ ಬರೆದದ್ದು ಸುಳ್ಳಾಗಲಾರದು ಎಂದು ಅವರಿಗೆ ಹೇಳಿದವನು ನಾನು.

ಮರುದಿನ ನಾನು ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋದೆ. ಆ ಹಿರಿಯರೂ ಬಂದಿದ್ದರು. ಹುಡುಗ, "ಮಾವ, ನಾನು ಎರಡೂ ಬರೆದಿದ್ದೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತಿದ್ದ. ಅವರು ಕನ್ನಡಕ ಏರಿಸಿ, ಉತಾರದ ಮೇಲೆ ಬೆರಳಿಟ್ಟು ಮೆಲ್ಲಗೆ ಕೂಡಿಸುತ್ತ ಹೋಗಿ ನನ್ನ ಕಡೆಗೆ ತಿರುಗಿದರು. "ತಮಾ, ಅಡಿಯ ಮೊತ್ತ ಸರಿ ಇದ್ದು. ನಡುವಿನ ಸಾಲೇ ಇಲ್ಲೆ" ಎಂದರು.

ಗಣಕಯಂತ್ರವನ್ನು ಓದಿದ ನನಗೆ ಕಾಣದ್ದು ಅವರಿಗೆ ಕಂಡಿತ್ತು. ಶಿಲ್ಕು ಸರಿ ಎಂದಮೇಲೆ ಲೆಕ್ಕ ಶಿರಸಿಯಲ್ಲಿ ಸುರಕ್ಷಿತವಾಗಿದೆ; ದಾರಿಯಲ್ಲಿ ಸಾಲುಗಳು ಬಿದ್ದುಹೋಗಿವೆ. ಹಾಗಾದರೆ ಎಲ್ಲಿ? ದಾರಿಯನ್ನು ತುಂಡು ಮಾಡಿ ನೋಡಿದೆ. ಪ್ರಿಂಟರಿನ ಗುಂಡಿಯೊಂದನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಅದು ತನ್ನ ಪರೀಕ್ಷೆಯನ್ನು ತಾನೇ ಮುದ್ರಿಸುತ್ತದೆ. ಅದು ಸರಿಯಾಗಿ ಬಂತು. ಟರ್ಮಿನಲ್ಲಿನ ಪರದೆಯಲ್ಲಿದ್ದುದನ್ನು ಮುದ್ರಿಸಿದೆ, ಅದೂ ಸರಿ. ಶಿರಸಿಯಿಂದ ಅರ್ಧ ಪುಟದ ಉತಾರ ತರಿಸಿದೆ, ಸರಿ. ಮೂರು ಪುಟದ್ದನ್ನು ತರಿಸಿದೆ; ನಡುವೆ ಸಾಲುಗಳು ಮಾಯ!

ಕಾರಣ ಆಗ ಹೊಳೆಯಿತು. ಹಿಂದಿನ ವಾರವಷ್ಟೇ ಹಳೆಯ ಮೋಡೆಮ್ ತೆಗೆದು ಎರಡರಷ್ಟು ವೇಗದ್ದನ್ನು ಹಾಕಿದ್ದೆವು. ಹಳೆಯದು ಸೆಕೆಂಡಿಗೆ 1200 ಬಿಟ್, ಎಂದರೆ ಸುಮಾರು 120 ಅಕ್ಷರ ತರುತ್ತಿತ್ತು. ಹೊಸದು 2400 ಬಿಟ್, 240 ಅಕ್ಷರ. ಪ್ರಿಂಟರು ಅಷ್ಟು ಬೇಗ ಕುಟ್ಟಲಾರದು. ಇಂಥ ಹೊತ್ತಿಗೆಂದೇ ಒಂದು ಏರ್ಪಾಡಿದೆ. ಪಾತ್ರೆ ತುಂಬಿದಾಗ ಟರ್ಮಿನಲ್ಲು "ನಿಲ್ಲು" ಎಂಬ ಸಂಜ್ಞೆಯನ್ನು ಶಿರಸಿಗೆ ಕಳಿಸುತ್ತದೆ, ಬರಿದಾದಾಗ "ಕಳಿಸು" ಎನ್ನುತ್ತದೆ. ಕೀಲಿಮಣೆಯಲ್ಲಿ ಕಂಟ್ರೋಲ್ ಜೊತೆಗೆ ಎಸ್ ಮತ್ತು ಕ್ಯೂ ಒತ್ತಿದರೆ ಹೋಗುವುದೂ ಇವೇ ಸಂಜ್ಞೆಗಳು. ಹೊಸ ಮೋಡೆಮ್ಮಿಗಾಗಿ ಟರ್ಮಿನಲ್ಲನ್ನು ಹೊಂದಿಸುವಾಗ ಆ ಏರ್ಪಾಡು ಮುಚ್ಚಿಹೋಗಿತ್ತು. ಪಾತ್ರೆ ತುಂಬಿದರೂ ನೀರು ಸುರಿಯುತ್ತಲೇ ಇತ್ತು. ಚೆಲ್ಲಿದ್ದೇ ಆ ಎರಡು ಸಾಲು. ಹೊಂದಿಸಿದವನು ನಾನೇ. ಒಂದು ಆಯ್ಕೆಯನ್ನು ತೆರೆದೆ; ಮೂರು ಪುಟವೂ ಪೂರ್ತಿಯಾಗಿ ಬಂತು. ಹುಡುಗನಿಂದ ಬರೆಸಿಕೊಂಡ ಕಾಗದವನ್ನು ಎಲ್ಲರೆದುರಿಗೆ ಹಿಂದಕ್ಕೆ ಕೊಡಿಸಿದೆ. ತಪ್ಪು ನನ್ನದೆಂದು ನಾನೂ ಒಂದು ಕಾಗದ ಬರೆದುಕೊಟ್ಟೆ. ಆದರೂ ಆ ಒಂದು ರಾತ್ರಿ ಅವನ ಮನೆಯವರು ಹೇಗೆ ಕಳೆದಿರಬಹುದು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇದೇ ಬಗೆಯ ಹುಡುಕಾಟ ಕನ್ನಡಕ್ಕೂ ಬೇಕಾಯಿತು. ಸದಸ್ಯರ ಹೆಸರು ಕನ್ನಡದಲ್ಲಿ ಬರಲೆಂದು ಮುಂದೆ ಇಸ್ಕಿ ಎಂಬ ಸಂಕೇತ ಬಳಸುವ ಟರ್ಮಿನಲ್ಲುಗಳನ್ನು ತಂದೆವು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ಸಂಕೇತ ಅದು. ಶಿರಸಿಯಲ್ಲಿ ಚೆನ್ನಾಗಿ ಬಂದ ಕನ್ನಡ ಸಿದ್ದಾಪುರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಯಿತು. ಇಸ್ಕಿಯಲ್ಲಿ ಇಂಗ್ಲಿಷಿನ ಅಕ್ಷರಗಳು 128ರ ಕೆಳಗೆ, ನಮ್ಮವು ಅದರ ಮೇಲೆ. 'ಮ' ಎಂದರೆ 204, 'ರ' ಎಂದರೆ 207. ಅಷ್ಟು ದೊಡ್ಡ ಸಂಖ್ಯೆಗೆ ಎಂಟು ಬಿಟ್ ಬೇಕು. ಸಿದ್ದಾಪುರದ ದಾರಿಯನ್ನು ಏಳು ಬಿಟ್ಟಿಗೆ ಹೊಂದಿಸಿದ್ದರು. ಎಂಟನೆಯದು ಬಿದ್ದುಹೋದರೆ 128 ಕಳೆದಂತೆ. 204 ಹೋಗಿ 76, ಅದು ಇಂಗ್ಲಿಷಿನ ಎಲ್. 207 ಹೋಗಿ 79, ಅದು ಓ. ಹೀಗೆ ನಮ್ಮ 'ಮರ' ದಾರಿಯಲ್ಲಿ ಎಲ್ ಮತ್ತು ಓ ಆಗಿ ಹೋಗಿತ್ತು. ಪ್ರಿಂಟರನ್ನು ದುರಸ್ತಿಗೆ ಕಳಿಸಬೇಕೆಂದಿದ್ದರು. ಎಂಟು ಬಿಟ್ ಎಂದು ಹೊಂದಿಸಿದೊಡನೆ ಕನ್ನಡ ಮರಳಿ ಬಂತು.

ಆ ಮೋಡೆಮ್ಮುಗಳು ಗುಜರಿಗೆ ಹೋಗಿ ವರ್ಷಗಳಾದವು. 2000ದ ಸುಮಾರಿನಿಂದ ಭೂಮಿ ಯೋಜನೆಯ ಮೂಲಕ ಪಹಣಿ ಗಣಕಯಂತ್ರದಿಂದಲೇ ಬರತೊಡಗಿತು. ಇಂದು ಪಡಿತರಕ್ಕೂ ಬೆರಳಚ್ಚು ಒತ್ತುತ್ತೇವೆ. ದಾರಿ ಬದಲಾಗಿದೆ, ಕೊಂಡಿಗಳು ಇದ್ದೇ ಇವೆ. ಆದುದರಿಂದ ಓದುಗರೇ, ಮುಂದಿನ ಸಲ "ಸರ್ವರ್ ಇಲ್ಲ" ಎಂದಾಗ ಸಿಟ್ಟಾಗದೆ ಮೂರು ಮಾತು ಕೇಳಿ. ಪಕ್ಕದ ಕಿಟಕಿಯಲ್ಲಿ ಕೆಲಸ ನಡೆಯುತ್ತಿದೆಯೇ? ಪರದೆಯಲ್ಲಿ ಬಂದು ಕಾಗದದಲ್ಲಿ ಬರುತ್ತಿಲ್ಲವೇ, ಅಥವಾ ಪರದೆಯಲ್ಲಿಯೂ ಇಲ್ಲವೇ? ನನ್ನ ಬೆರಳನ್ನು ಒಪ್ಪದಿದ್ದರೆ ನನ್ನ ಹಿಂದಿನವರದನ್ನು ಒಪ್ಪುತ್ತದೆಯೇ? ಅಡಿಕೆ ಸುಲಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಅದು ಸರ್ವರಿನ ದೋಷವೂ ಅಲ್ಲ, ಬೆರಳಿನ ಯಜಮಾನನ ದೋಷವೂ ಅಲ್ಲ. ಬೇರೆ ಬೆರಳನ್ನು ಒತ್ತಿ ನೋಡಬಹುದು. ಕಾಗದ ಕೈಗೆ ಬಂದಾಗ ಅಡಿಯ ಮೊತ್ತವನ್ನೂ ನಡುವಿನ ಸಾಲುಗಳನ್ನೂ ಒಮ್ಮೆ ಕೂಡಿಸಿ ನೋಡಿ. ಕೂಡದಿದ್ದರೆ, ಕಿಟಕಿಯ ಒಳಗೆ ಕುಳಿತವರ ಮೇಲೆ ಬೆರಳು ತೋರಿಸುವ ಮೊದಲು, ದಾರಿಯನ್ನು ಒಂದೊಂದೇ ತುಂಡಾಗಿ ನೋಡಿರೆಂದು ಅವರನ್ನು ಕೇಳಿಕೊಳ್ಳಿ. ಯಲ್ಲಾಪುರದಲ್ಲಿ ಆ ದಿನ ನಾನು ಅಷ್ಟನ್ನು ಮೊದಲೇ ಮಾಡಿದ್ದರೆ ಒಬ್ಬ ಹುಡುಗ ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿರಲಿಲ್ಲ.