ಜೀವನಮಟ್ಟವನ್ನು ಅಳೆಯುವ ಕೋಲು ಯಾವುದು?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಜೀವನಮಟ್ಟ ಎಂದ ಕೂಡಲೆ ನಾವು ಕೂಲಿ ಎಷ್ಟು, ಸಂಬಳ ಎಷ್ಟು ಎಂದು ಕೇಳುತ್ತೇವೆ. ಪ್ರಶ್ನೆ ತಪ್ಪಲ್ಲ, ಆದರೆ ಅದು ಅರ್ಧ ಪ್ರಶ್ನೆ. ಬಂದ ಕೂಲಿಯಲ್ಲಿ ಮಗುವಿನ ಶಾಲೆಗೆ ಎಷ್ಟು ಹೋಯಿತು, ಹೆಂಡತಿಯ ಹೆರಿಗೆಗೆ ಎಷ್ಟು ಹೋಯಿತು, ತಂದೆಯ ಕಾಯಿಲೆಗೆ ಎಷ್ಟು ಸಾಲವಾಯಿತು ಎಂಬುದು ಉಳಿದ ಅರ್ಧ. ಅಂಗಡಿಯವರು ಈ ಮಾತನ್ನು ಬೇಗ ಬಲ್ಲರು. ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ಲಾಭವಲ್ಲ; ಖರ್ಚು ಕಳೆದು ಉಳಿದದ್ದು ಲಾಭ.

ಈ ಕೋಲಿನಿಂದ ಎರಡು ನೆರೆಯ ದೇಶಗಳನ್ನು ಅಳೆದು ನೋಡೋಣ. ಒಂದು ನಮ್ಮದು, ಇನ್ನೊಂದು ಸಿಂಹಳ, ಅಂದರೆ ಶ್ರೀಲಂಕಾ. ಇಬ್ಬರ ಮೇಲೂ ಬ್ರಿಟಿಷರ ಆಳ್ವಿಕೆಯಿತ್ತು. ನಮಗೆ 1947ರಲ್ಲಿ, ಅವರಿಗೆ 1948ರಲ್ಲಿ ಸ್ವಾತಂತ್ರ್ಯ ಬಂತು. ಎರಡೂ ಕಡೆ ಚುನಾವಣೆಯ ರಾಜ್ಯಪದ್ಧತಿ ನಡೆದು ಬಂದಿದೆ.

ಲೆಕ್ಕ ಕೇಳಿ. 2020ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 28 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು. ಸಿಂಹಳದಲ್ಲಿ ಸುಮಾರು 6. ಹೆರಿಗೆಯ ಕಾರಣದಿಂದ ಸಾಯುವ ತಾಯಂದಿರು ನಮ್ಮಲ್ಲಿ 2018–20ರ ಲೆಕ್ಕದಂತೆ ಲಕ್ಷ ಹೆರಿಗೆಗೆ 97. ಅಲ್ಲಿ ಸುಮಾರು 30. ಸರಾಸರಿ ಆಯುಷ್ಯ 2019ರಲ್ಲಿ ನಮ್ಮದು ಸುಮಾರು 70 ವರ್ಷ. ಅವರದು ಸುಮಾರು 76.

ಅವರ ಆದಾಯ ಹೆಚ್ಚು, ಅದಕ್ಕೇ ಹೀಗೆ ಎಂದು ಕೆಲವರು ಹೇಳುವರು. ನಿಜ, ಆ ವರ್ಷಗಳಲ್ಲಿ ಅವರ ತಲಾ ಆದಾಯ ನಮ್ಮದರ ಸುಮಾರು ಎರಡು ಪಾಲು ಇತ್ತು. ಆದರೆ ಶಿಶುಮರಣ ಅರ್ಧವಾಗಿ ನಿಲ್ಲಲಿಲ್ಲ. ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯಿತು. ಈ ಅಂತರವನ್ನು ದುಡ್ಡೊಂದೇ ತರಲಿಲ್ಲ. ಹಾಗಾದರೆ ತಂದದ್ದು ಯಾವುದು?

ಮೊದಲನೆಯದು ಮತ. ಸಿಂಹಳದ ಗಂಡಸರಿಗೂ ಹೆಂಗಸರಿಗೂ 1931ರಲ್ಲಿಯೇ ಮತದಾನದ ಹಕ್ಕು ಬಂತು. ನಮ್ಮಲ್ಲಿ ಎಲ್ಲ ವಯಸ್ಕರೂ ಮತ ಹಾಕಿದ್ದು 1951–52ರ ಮಹಾ ಚುನಾವಣೆಯಲ್ಲಿ. ಎರಡನೆಯದು ಚಳವಳಿ. 1934–35ರಲ್ಲಿ ಮಲೇರಿಯಾ ಮಾರಿಯಂತೆ ಹಬ್ಬಿ ಸುಮಾರು 80 ಸಾವಿರ ಜನ ಸತ್ತರು. ಆಗ ಔಷಧಿ, ಗಂಜಿ ಹೊತ್ತು ಹಳ್ಳಿಗಳಿಗೆ ಹೋದ ತರುಣರೇ 1935ರ ಡಿಸೆಂಬರಿನಲ್ಲಿ ಲಂಕಾ ಸಮಸಮಾಜ ಪಕ್ಷವನ್ನು ಕಟ್ಟಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1937ರಲ್ಲಿ ಅಲ್ಲಿಗೆ ಹೋಗಿ ಆ ಪಕ್ಷದ ಸಭೆಗಳಲ್ಲಿ ಮಾತನಾಡಿದ್ದರು.

ಮತವಿದ್ದ ಜನರನ್ನು ಸರ್ಕಾರ ಅಲಕ್ಷಿಸುವಂತಿರಲಿಲ್ಲ. ಕನ್ನಂಗರ ಅವರು ವಿದ್ಯಾಮಂತ್ರಿಯಾಗಿದ್ದಾಗ, 1945ರಲ್ಲಿ, ಬಾಲವರ್ಗದಿಂದ ವಿಶ್ವವಿದ್ಯಾಲಯದವರೆಗೆ ಶಿಕ್ಷಣ ಉಚಿತವಾಯಿತು. 1951ರಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಲ್ಕ ಹೋಯಿತು. ಇಂದಿಗೂ ಅಲ್ಲಿ ಸಣ್ಣ ಜ್ವರಕ್ಕೆ ಖಾಸಗಿ ವೈದ್ಯರ ಬಳಿ ಹೋಗುವವರು ಅನೇಕರಿದ್ದಾರೆ. ಆದರೆ ಹಾಸಿಗೆ ಹಿಡಿದಾಗ ಬಹುತೇಕ ಜನಕ್ಕೆ ಆಸರೆ ಸರ್ಕಾರಿ ಆಸ್ಪತ್ರೆಯೇ.

ಕೊಟ್ಟದ್ದನ್ನು ಕಿತ್ತುಕೊಳ್ಳಲು ಹೊರಟಾಗ ಏನಾಯಿತು ಎಂಬುದನ್ನೂ ಕೇಳಿ. 1953ರಲ್ಲಿ ಸರ್ಕಾರವು ರೇಷನ್ ಅಕ್ಕಿಯ ಬೆಲೆಯನ್ನು ಅಳತೆಗೆ 25 ಸೆಂಟ್‌ನಿಂದ 70 ಸೆಂಟ್‌ಗೆ ಏರಿಸಿತು. ಶಾಲಾ ಮಕ್ಕಳ ಮಧ್ಯಾಹ್ನದ ತಿಂಡಿಯನ್ನೂ ನಿಲ್ಲಿಸಿತು. ಆಗಸ್ಟ್ 12ರಂದು ಎಡಪಕ್ಷಗಳ ಕರೆಗೆ ಹರತಾಳ ನಡೆಯಿತು. ಕೂಲಿಗಾರರು ಕೆಲಸ ಬಿಟ್ಟರು. ಅಂಗಡಿಕಾರರು ಬಾಗಿಲು ಹಾಕಿದರು. ಮಂತ್ರಿಮಂಡಲವು ಕೊಲಂಬೊ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಯೊಳಗೆ ಕುಳಿತು ಸಭೆ ನಡೆಸಬೇಕಾಯಿತು. ಗುಂಡೇಟಿಗೆ ಜನ ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕರು ರಾಜೀನಾಮೆ ಕೊಟ್ಟರು. ಗಿರಣಿಯವನೂ ಅಂಗಡಿಯವನೂ ಒಂದೇ ದಿನ ಎದ್ದು ನಿಂತರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ಆದರೆ ಸಂಗಾತಿಗಳೆ, ನಾವು ನಿಮಗೆ ಸ್ವರ್ಗದ ಚಿತ್ರ ತೋರಿಸಲು ಬಂದಿಲ್ಲ. ಆ ಮನೆಯ ಹುಳುಕನ್ನೂ ಹೇಳಬೇಕು. ಚಹಾ ತೋಟಗಳಲ್ಲಿ ದುಡಿದು ಆ ದೇಶಕ್ಕೆ ಹಣ ತಂದವರು ಭಾರತ ಮೂಲದ ತಮಿಳು ಕೂಲಿಗಳು. 1948ರ ಕಾನೂನು ಅವರಲ್ಲಿ ಬಹುಪಾಲು ಜನರ ಪೌರತ್ವವನ್ನೇ ಕಳೆಯಿತು. ಮರುವರ್ಷ ಮತವೂ ಹೋಯಿತು. ಮತ ಹೋದವನ ಪಾಲಿಗೆ ಶಾಲೆಯೂ ಆಸ್ಪತ್ರೆಯೂ ದೂರವಾದವು. ತೋಟದ ಸಾಲುಮನೆಗಳ ಬದುಕು ಉಳಿದವರಿಗಿಂತ ಬಹಳ ಹಿಂದೆ ಬಿತ್ತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಭಾರತಕ್ಕೆ ಕಳಿಸಲ್ಪಟ್ಟವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿಯೇ ನೆಲೆಸಿದ್ದಾರೆ. ಬಳಿಕ 1983ರಿಂದ 2009ರವರೆಗೆ ಆ ದ್ವೀಪ ಅಂತರ್ಯುದ್ಧದಲ್ಲಿ ಬೆಂದಿತು.

ಇನ್ನೊಂದು ಹುಳುಕು ಬೊಕ್ಕಸದ್ದು. 2019ರ ಕೊನೆಗೆ ಅಲ್ಲಿನ ಸರ್ಕಾರ ತೆರಿಗೆಗಳನ್ನು ಭಾರಿಯಾಗಿ ಇಳಿಸಿತು. ಹೊರದೇಶದ ಸಾಲ ಬೆಳೆದಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿದ್ದರಿಂದ ಬೆಳೆ ಕೆಟ್ಟಿತು. 2022ರ ಏಪ್ರಿಲ್‌ನಲ್ಲಿ ಸಾಲ ತೀರಿಸಲಾರೆವೆಂದು ಸರ್ಕಾರ ಕೈಚೆಲ್ಲಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು. ಉಚಿತ ಆಸ್ಪತ್ರೆಯಲ್ಲಿ ಔಷಧಿಯಿಲ್ಲ. ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೆ ನುಗ್ಗಿದರು. ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿದರು.

ಬಡವರಿಗೆ ಪುಕ್ಕಟೆ ಕೊಟ್ಟದ್ದರಿಂದಲೇ ದೇಶ ಮುಳುಗಿತು ಎಂದು ಕೆಲವರು ಅಲ್ಲಿಂದ ಪಾಠ ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಉಚಿತ ಶಾಲೆ ಆಸ್ಪತ್ರೆಗಳು ಎಪ್ಪತ್ತು ವರ್ಷ ನಡೆದವು. ಉಳ್ಳವರ ತೆರಿಗೆ ಬಿಟ್ಟು, ಸಾಲ ತಂದು ಸಂಸಾರ ನಡೆಸಲು ಹೋದಾಗ ಮನೆ ಕುಸಿಯಿತು. ಕಂತು ಕಟ್ಟಲಾರದೆ ಅಂಗಡಿ ಮುಳುಗಿದರೆ ಮಗನನ್ನು ಓದಿಸಿದ್ದೇ ತಪ್ಪು ಎಂದು ಯಾರಾದರೂ ಹೇಳುವರೆ?

ಈಗ ನಮ್ಮ ಕಡೆ ತಿರುಗೋಣ. ಗಿರಣಿಯವನಿಗೆ ಇ.ಎಸ್.ಐ. ಚೀಟಿಯುಂಟು, ಗಿರಣಿಯ ಬಾಗಿಲು ಮುಚ್ಚಿದರೆ ಅದೂ ಕಾಲಕ್ರಮದಲ್ಲಿ ಹೋಗುತ್ತದೆ. ಒಬ್ಬಿಬ್ಬರು ಆಳುಗಳಿರುವ ಅಂಗಡಿಗೆ ಅದೂ ಇಲ್ಲ. 2009ರ ಕಾಯಿದೆಯಂತೆ ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ. ಅಲ್ಲಿಂದ ಮುಂದೆ ತಂದೆಯ ಜೇಬೇ ಗತಿ.

ಆದುದರಿಂದ ನಮ್ಮ ಮಾತು ಇಷ್ಟೆ. ಕೂಲಿ ಏರಿಕೆಯ ಬೇಡಿಕೆಯ ಪಕ್ಕದಲ್ಲಿ ಇನ್ನೆರಡು ಬೇಡಿಕೆಗಳನ್ನು ಬರೆಯಿರಿ: ಊರಿನ ಸರ್ಕಾರಿ ಆಸ್ಪತ್ರೆಗೆ ಸಾಕಷ್ಟು ವೈದ್ಯರು ಮತ್ತು ಔಷಧಿ, ಸರ್ಕಾರಿ ಶಾಲೆ ಕಾಲೇಜಿಗೆ ಸಾಕಷ್ಟು ಉಪಾಧ್ಯಾಯರು. ಅದರ ಖರ್ಚನ್ನು ಸಾಲದಿಂದಲ್ಲ, ಉಳ್ಳವರ ತೆರಿಗೆಯಿಂದ ತೆಗೆಯಲಿ ಎಂಬುದನ್ನೂ ಸೇರಿಸಿರಿ. ಮತ್ತು ತೋಟದ ಕೂಲಿಯ ಕಥೆಯನ್ನು ಮರೆಯಬೇಡಿ: ಹೊರ ಊರಿನಿಂದ ಬಂದ ಹಮಾಲನನ್ನೂ, ಗುತ್ತಿಗೆಯ ಕೆಲಸದವಳನ್ನೂ ಬಿಟ್ಟು ಬರೆದ ಬೇಡಿಕೆ ನಮ್ಮ ಬೇಡಿಕೆಯಲ್ಲ.

ಮುಂದಿನ ಚುನಾವಣೆಗೆ ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ನಾವೇ ಆಗಲಿ, ಈ ಕೋಲನ್ನು ಹಿಡಿದು ಅಳೆಯಿರಿ.