ಸ್ವಚ್ಛ ವಾಹಿನಿಗೆ ಯಾವ ಪೆಟ್ರೋಲ್? ಇಂಧನದ ದರ್ಜೆ ಮತ್ತು ಮೈಲೇಜ್ ಕುರಿತು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಘನತ್ಯಾಜ್ಯ ನಿರ್ವಹಣೆ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಈ ಕಾರ್ಯಾಗಾರದಲ್ಲಿ ನನಗೆ ವಹಿಸಿರುವ ವಿಷಯ ಚಿಕ್ಕದು. ಕಸ ಸಂಗ್ರಹಿಸುವ ನಮ್ಮ ಪಿಕಪ್ ವಾಹನಕ್ಕೆ ಯಾವ ದರ್ಜೆಯ ಇಂಧನ ಹಾಕಿಸಬೇಕು, ದುಬಾರಿ ಪೆಟ್ರೋಲಿನಿಂದ ಮೈಲೇಜ್ ನಿಜವಾಗಿಯೂ ಹೆಚ್ಚುತ್ತದೆಯೇ ಎಂಬುದಷ್ಟೇ. ವಿಷಯ ಚಿಕ್ಕದಾದರೂ ಸಾಮಾನ್ಯ ಸಭೆಯಲ್ಲಿ ಇದು ಎಬ್ಬಿಸುವ ಧೂಳು ಚಿಕ್ಕದಲ್ಲವೆಂಬುದು ತಮಗೆಲ್ಲ ತಿಳಿದಿದೆ. ಇಂಧನದ ಬಿಲ್ಲು ಅನುಮೋದನೆಗೆ ಬಂದಾಗ ಒಬ್ಬ ಸದಸ್ಯರು "ಪ್ರೀಮಿಯಂ ಹಾಕಿಸಿ, ಮೈಲೇಜ್ ಬರುತ್ತದೆ" ಎನ್ನುತ್ತಾರೆ. ಇನ್ನೊಬ್ಬರು "ಮೈಲೇಜ್ ಬರದಿರುವುದಕ್ಕೆ ಕಾರಣ ಪೆಟ್ರೋಲ್ ಅಲ್ಲ, ಬೇರೆಯೇ ಇದೆ" ಎಂದು ವಾಹನ ಚಾಲಕಿಯ ಕಡೆಗೆ ನೋಡುತ್ತಾರೆ. ಈ ಎರಡನೆಯ ಮಾತಿನಿಂದಾಗಿಯೇ ನಾನು ಈ ವಿಷಯವನ್ನು ಆಯ್ದುಕೊಂಡೆ.

ಮೊದಲು ಆಕ್ಟೇನ್ ಎಂಬ ಪದವನ್ನು ಬಿಡಿಸಿಕೊಳ್ಳೋಣ. ಬಂಕಿನಲ್ಲಿ 91, 95, 100 ಎಂಬ ಅಂಕಿಗಳನ್ನು ಕಂಡಾಗ ಅಂಕಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ನಂತರ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಒತ್ತಡ ಮತ್ತು ಶಾಖ ಮಿತಿಮೀರಿದರೆ ಮಿಶ್ರಣದ ಒಂದು ಭಾಗ ಕಿಡಿಯ ಜ್ವಾಲೆ ತಲುಪುವ ಮುನ್ನವೇ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ ಭಾರ ಹೊತ್ತ ಗಾಡಿಯಿಂದ ಕೇಳಿಬರುವ 'ಟಣ್ ಟಣ್' ಸದ್ದು ಅದೇ. ಮೆಕ್ಯಾನಿಕ್‌ಗಳು ಅದನ್ನು ನಾಕಿಂಗ್ ಎನ್ನುತ್ತಾರೆ. ಹೀಗೆ ಅವಧಿಗೆ ಮುನ್ನ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ತಾಳ್ಮೆಯ ಅಳತೆ, ಬಲದ ಅಳತೆಯಲ್ಲ. 95 ಆಕ್ಟೇನಿನ ಒಂದು ಲೀಟರಿನಲ್ಲಿ 91 ಆಕ್ಟೇನಿನ ಲೀಟರಿಗಿಂತ ಹೆಚ್ಚು ಶಕ್ತಿ ಇರಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ಹೆಚ್ಚು ಆಕ್ಟೇನ್ ಯಾರಿಗೆ ಬೇಕು? ಮಿಶ್ರಣವನ್ನು ಬಲವಾಗಿ ಒತ್ತುವ ಎಂಜಿನ್ನುಗಳಿಗೆ, ಟರ್ಬೋ ಇರುವ ಕಾರುಗಳಿಗೆ, ದುಬಾರಿ ಮೋಟಾರ್ ಸೈಕಲ್‌ಗಳಿಗೆ. ನಮ್ಮ ದೇಶದಲ್ಲಿ 100 ಆಕ್ಟೇನ್ ಪೆಟ್ರೋಲ್ 2020ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದುದು ಅಂತಹ ವಾಹನಗಳನ್ನು ಗಮನದಲ್ಲಿರಿಸಿಕೊಂಡು. ಸಾಮಾನ್ಯ ಪೆಟ್ರೋಲಿಗೆಂದೇ ಹೊಂದಿಸಿರುವ ಸಣ್ಣ ಸರಕು ವಾಹನಕ್ಕೆ ಅದನ್ನು ಹಾಕಿಸಿದರೆ ಎಂಜಿನ್ ಅದರ ಹೆಚ್ಚುವರಿ ಗುಣವನ್ನು ಬಳಸಿಕೊಳ್ಳಲಾರದು. ವಾಹನದೊಂದಿಗೆ ಬಂದ ಕೈಪಿಡಿಯಲ್ಲಿ ಯಾವ ಇಂಧನ ಎಂಬುದು ಸ್ಪಷ್ಟವಾಗಿರುತ್ತದೆ. ಆ ಕೈಪಿಡಿ ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಕವರಿನ ಸಮೇತ ಭದ್ರವಾಗಿರುವುದೇ ಹೆಚ್ಚು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈಗ ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಎಥನಾಲಿನ ಆಕ್ಟೇನ್ ಸಂಖ್ಯೆ ಹೆಚ್ಚಾದ್ದರಿಂದ ಈ ಮಿಶ್ರಣದ ಆಕ್ಟೇನ್ 95ರ ಮಟ್ಟಕ್ಕೆ ಏರಿದೆ. ಅಂದರೆ, ಹಿಂದೆ ಹೆಚ್ಚು ಹಣ ಕೊಟ್ಟು ಪಡೆಯುತ್ತಿದ್ದ ಅಂಕಿ ಈಗ ಸಾಮಾನ್ಯ ನಳಿಕೆಯಲ್ಲಿಯೇ ದೊರೆಯುತ್ತಿದೆ. ಇನ್ನು ಪ್ರೀಮಿಯಂನಲ್ಲಿ ಉಳಿಯುವ ಮುಖ್ಯ ವಿಶೇಷವೆಂದರೆ ಇಂಜೆಕ್ಟರ್ ಮತ್ತು ವಾಲ್ವುಗಳ ಮೇಲೆ ಕೂರುವ ಮಸಿಯನ್ನು ಶುಚಿಗೊಳಿಸುವ ರಾಸಾಯನಿಕಗಳು. ಅವು ನಿರುಪಯುಕ್ತವೆಂದು ನಾನು ಹೇಳಲಾರೆ. ಮಸಿ ಕಟ್ಟಿದ ಹಳೆಯ ಎಂಜಿನ್ನಿಗೆ ಅವುಗಳಿಂದ ಕಾಲಕ್ರಮದಲ್ಲಿ ಪ್ರಯೋಜನವಾಗಬಹುದು. ಒಂದು ಟ್ಯಾಂಕಿನಲ್ಲಿ ಮೈಲೇಜ್ ಜಿಗಿಯುವುದಿಲ್ಲ.

ಎಥನಾಲಿಗೆ ಮತ್ತೊಂದು ಮುಖವಿದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಶಕ್ತಿಯ ಮೂರನೇ ಎರಡರಷ್ಟು ಮಾತ್ರ. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮ ರೈತರಿಗೆ ಈ ಮಿಶ್ರಣದಿಂದ ಮಾರುಕಟ್ಟೆ ದೊರೆತಿದೆ, ಅದು ಸಂತೋಷದ ವಿಷಯ. ಆದರೆ ಲೀಟರಿನ ಲೆಕ್ಕದಲ್ಲಿ ಶಕ್ತಿ ಸ್ವಲ್ಪ ಕಡಿಮೆಯಾಗಿರುವುದೂ ನಿಜ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೇ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ. 10ರ ಮಿಶ್ರಣಕ್ಕೆ ಹೊಂದಿಸಲಾದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 20ರ ಮಿಶ್ರಣದಿಂದ ಮೈಲೇಜ್ ಶೇ. 6ರಿಂದ 7ರಷ್ಟು, ಶೇ. 10ಕ್ಕೆ ವಿನ್ಯಾಸಗೊಂಡು ಶೇ. 20ಕ್ಕೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2ರಷ್ಟು ಇಳಿಯಬಹುದೆಂದು ಅಂದಾಜಿಸಲಾಗಿತ್ತು. ಹಾಗೆಂದು 'ಪ್ರೀಮಿಯಂ' ಎಂಬ ಹೆಸರಿದ್ದ ಮಾತ್ರಕ್ಕೆ ಅದರಲ್ಲಿ ಎಥನಾಲ್ ಇಲ್ಲವೆಂದು ಭಾವಿಸಬೇಡಿ. ಬಂಕಿನವರನ್ನು ಕೇಳಿ ತಿಳಿದುಕೊಳ್ಳಿ.

ಸದಸ್ಯರೇ, ಈ ಅಂಶವನ್ನು ನಿಧಾನವಾಗಿ ಯೋಚಿಸಬೇಕೆಂದು ಕೋರುತ್ತೇನೆ. ಮೂರು ವರ್ಷದ ಹಿಂದಿನ ಲಾಗ್ ಪುಸ್ತಕವನ್ನೂ ಈ ವರ್ಷದ ಲಾಗ್ ಪುಸ್ತಕವನ್ನೂ ಎದುರುಬದುರು ಇಟ್ಟಾಗ ಮೈಲೇಜ್ ಇಳಿದಿರುವುದು ಕಂಡುಬಂದರೆ, ಅದರಲ್ಲಿ ಒಂದು ಪಾಲು ಇಂಧನದ ಬದಲಾವಣೆಯದ್ದೇ ಇರಬಹುದು. ಟ್ಯಾಂಕಿನಿಂದ ಯಾರೂ ಪೈಪು ಹಾಕಿ ತೆಗೆದಿರಬೇಕಾಗಿಲ್ಲ.

ನಮ್ಮ ಪಂಚಾಯಿತಿಯಲ್ಲಿ ವಾಹನ ಓಡಿಸುವವರು ಸಂಜೀವಿನಿ ಒಕ್ಕೂಟದ ಸದಸ್ಯೆಯೊಬ್ಬರು. ತರಬೇತಿ ಪಡೆದು, ಪರವಾನಗಿ ಪಡೆದು, ಊರಿನಲ್ಲಿ ಮೊದಲ ಬಾರಿಗೆ ಸ್ಟಿಯರಿಂಗ್ ಹಿಡಿದ ಹೆಣ್ಣುಮಗಳು. ಕಂಪನಿಯ ಜಾಹೀರಾತಿನಲ್ಲಿರುವ ಮೈಲೇಜ್ ಲಾಗ್ ಪುಸ್ತಕದಲ್ಲಿ ಕಾಣುತ್ತಿಲ್ಲವೆಂದು ಸಭೆಯಲ್ಲಿ ಆಕ್ಷೇಪ ಬಂದಿತು. ಜಾಹೀರಾತಿನ ಅಂಕಿ ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆಯ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ, ನಿಗದಿತ ಕ್ರಮದಲ್ಲಿ ಓಡಿಸಿ ಪಡೆದದ್ದು. ಮರುದಿನ ಬೆಳಿಗ್ಗೆ ನಾನು ಆ ಚಾಲಕಿಯ ಪಕ್ಕದಲ್ಲಿ ಕುಳಿತು ಎರಡು ಓಣಿ, ಒಂದು ಕಾಲೋನಿ ಸುತ್ತಿ ಬಂದೆ. ನಿಲುಗಡೆಗಳನ್ನು ಎಣಿಸುತ್ತಾ ಹೋದವನು ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಮೊದಲ ಗೇರು, ಎರಡನೆಯ ಗೇರು, ಬ್ರೇಕು. ಮತ್ತೆ ಮೊದಲ ಗೇರು. ಹಸಿ ಕಸ, ಒಣ ಕಸ ಬೇರ್ಪಡಿಸದ ಮನೆಯ ಮುಂದೆ ಮಾತುಕತೆ ನಡೆಯುವಷ್ಟು ಹೊತ್ತೂ ಎಂಜಿನ್ ಚಾಲನೆಯಲ್ಲಿರುತ್ತದೆ. ಧ್ವನಿವರ್ಧಕಕ್ಕೆ ಬ್ಯಾಟರಿ ಇಳಿದುಹೋದೀತೆಂಬ ಭಯ ಅವರದು. ನಿಂತಲ್ಲೇ ಉರಿಯುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ, ಕಿಲೋಮೀಟರ್ ಮಾತ್ರ ಸೊನ್ನೆ. ಇಂತಹ ಓಡಾಟದಲ್ಲಿ ಯಾವ ದರ್ಜೆಯ ಪೆಟ್ರೋಲೂ ಜಾಹೀರಾತಿನ ಮೈಲೇಜ್ ಕೊಡಲಾರದು.

ಈಗ ರೂಪಾಯಿಯ ಲೆಕ್ಕಕ್ಕೆ ಬರೋಣ. ಮೈಲೇಜ್ ಹೆಚ್ಚಿತೇ ಎಂಬುದಕ್ಕಿಂತ ಒಂದು ಕಿಲೋಮೀಟರಿಗೆ ಎಷ್ಟು ಖರ್ಚಾಯಿತು ಎಂಬುದು ನಾವು ಕೇಳಬೇಕಾದ ಪ್ರಶ್ನೆ. ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳಿ: ಸಾಮಾನ್ಯ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಪ್ರೀಮಿಯಂ 111 ರೂಪಾಯಿ, ವಾಹನ ಲೀಟರಿಗೆ 12 ಕಿ.ಮೀ. ಓಡುತ್ತದೆ. ಸಾಮಾನ್ಯ ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 8 ರೂಪಾಯಿ 58 ಪೈಸೆ. ಪ್ರೀಮಿಯಂನಲ್ಲಿ ಇದೇ ಖರ್ಚು ಬರಬೇಕಾದರೆ ವಾಹನ ಲೀಟರಿಗೆ ಸುಮಾರು 12.9 ಕಿ.ಮೀ. ಓಡಬೇಕು, ಅಂದರೆ ಶೇ. 8ರಷ್ಟು ಹೆಚ್ಚು. ಓಡಿದ್ದು 12.3 ಎಂದಾದರೆ ಮೈಲೇಜ್ ಹೆಚ್ಚಾಯಿತೆಂದು ಸಂತೋಷಪಡುತ್ತಲೇ ಕಿಲೋಮೀಟರಿಗೆ 44 ಪೈಸೆ ಕಳೆದುಕೊಂಡಿರುತ್ತೇವೆ. ತಿಂಗಳಿಗೆ 600 ಕಿ.ಮೀ. ಎಂದರೆ ವರ್ಷಕ್ಕೆ ಮೂರು ಸಾವಿರದ ಮೇಲೆ. ಕಸ ವಿಂಗಡಿಸುವ ಹೆಣ್ಣುಮಕ್ಕಳಿಗೆ ಕೈಗವಸು ಕೊಳ್ಳಲು ಬಳಕೆದಾರರ ಶುಲ್ಕ ಸಾಲದೆಂದು ನಾವು ಹೇಳುವಾಗ ಈ ಮೊತ್ತವನ್ನು ನೆನೆಯಬೇಕಾಗುತ್ತದೆ. ತಮ್ಮ ಬಂಕಿನ ಅಂದಿನ ದರವನ್ನು ಹಾಕಿ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ದರಗಳ ಅನುಪಾತವೇ ಉತ್ತರ ಹೇಳುತ್ತದೆ.

ಆದರೂ ಪರೀಕ್ಷಿಸದೆ ತೀರ್ಮಾನಿಸುವುದು ಬೇಡ ಎಂದು ಸದಸ್ಯರು ಬಯಸಿದರೆ ಅದು ಸ್ವಾಗತಾರ್ಹ. ಪರೀಕ್ಷೆ ಸರಿಯಾಗಿ ನಡೆಯಬೇಕು, ಅಷ್ಟೇ. ಒಂದೇ ಬಂಕು, ಒಂದೇ ನಳಿಕೆ. ನಳಿಕೆ ತಾನಾಗಿ ನಿಂತೊಡನೆ ಸಾಕು, ಅಲ್ಲಾಡಿಸಿ ಮತ್ತಷ್ಟು ತುಂಬಿಸಕೂಡದು. ಆಗಿನ ಓಡೋಮೀಟರ್ ಅಂಕಿ ಬರೆದುಕೊಂಡು, ಟ್ಯಾಂಕು ತಳ ಮುಟ್ಟುವತನಕ ಎಂದಿನಂತೆ ಓಡಿಸಿ, ಮತ್ತೆ ಅದೇ ರೀತಿ ಪೂರ್ತಿ ತುಂಬಿಸಿದಾಗ ಹಿಡಿಸಿದ ಲೀಟರಿನಿಂದ ಕಿಲೋಮೀಟರನ್ನು ಭಾಗಿಸಬೇಕು. "ಐನೂರು ರೂಪಾಯಿಗೆ ಹಾಕಿ" ಎಂದು ತುಂಬಿಸುವ ಪದ್ಧತಿಯಲ್ಲಿ ಈ ಲೆಕ್ಕ ಎಂದಿಗೂ ಸಿಗದು. ಪ್ರತಿ ದರ್ಜೆಗೂ ಕನಿಷ್ಠ ಮೂರು ಟ್ಯಾಂಕು ಬೇಕು. ಮೊದಲು ಸಾಮಾನ್ಯ, ನಂತರ ಪ್ರೀಮಿಯಂ, ಮತ್ತೆ ಸಾಮಾನ್ಯ ಎಂಬ ಕ್ರಮ ಅನುಸರಿಸಿದರೆ ಮಳೆ, ಜಾತ್ರೆ, ಹಬ್ಬದ ಕಸ ಇವುಗಳಿಂದಾಗುವ ಏರುಪೇರು ಬೇರೆಯಾಗಿ ಕಾಣುತ್ತದೆ. ನಾವು ಹೀಗೆ ಮಾಡಿ ನೋಡಿದಾಗ, ಎರಡು ದರ್ಜೆಗಳ ನಡುವೆ ಇದ್ದುದಕ್ಕಿಂತ ಹೆಚ್ಚಿನ ಅಂತರ ಒಂದೇ ಪೆಟ್ರೋಲಿನ ಎರಡು ಟ್ಯಾಂಕುಗಳ ನಡುವೆ ಇತ್ತು. ಓಡೋಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ದುರಸ್ತಿ ಮಾಡಿಸಿ. ಅಂದಾಜಿನ ಕಿಲೋಮೀಟರ್ ಬರೆದ ಲಾಗ್ ಪುಸ್ತಕದಿಂದ ಯಾರನ್ನೂ ದೋಷಿಯೆನ್ನಲಾಗದು, ನಿರ್ದೋಷಿಯೆನ್ನಲೂ ಆಗದು.

ಬಂಕಿನ ಮೇಲೆಯೇ ಅನುಮಾನವಿದ್ದಲ್ಲಿ ಐದು ಲೀಟರಿನ ಅಳತೆ ಪಾತ್ರೆಯಿಂದ ಅಳೆದು ತೋರಿಸುವಂತೆ, ಫಿಲ್ಟರ್ ಕಾಗದದ ಪರೀಕ್ಷೆ ಮಾಡುವಂತೆ ಕೇಳುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಪಂಚಾಯಿತಿಯೂ ಗ್ರಾಹಕನೇ.

ಡೀಸೆಲ್ ವಾಹನವಿರುವ ಪಂಚಾಯಿತಿಗಳಿಗೆ ಆಕ್ಟೇನಿನ ಮಾತು ಅನ್ವಯಿಸದು. ಅಲ್ಲಿ ಲೆಕ್ಕಕ್ಕೆ ಬರುವುದು ಸೀಟೇನ್ ಸಂಖ್ಯೆ, ಅಂದರೆ ಇಂಧನ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದು, ಬಿ.ಎಸ್.-6 ಡೀಸೆಲಿಗೆ ಅದು ಕನಿಷ್ಠ 51 ಇರಬೇಕು. ಪ್ರೀಮಿಯಂ ಡೀಸೆಲಿಗೂ ಇದೇ ಮೂರು ಟ್ಯಾಂಕಿನ ಪರೀಕ್ಷೆ, ಇದೇ ಕಿಲೋಮೀಟರಿನ ಲೆಕ್ಕ ಸಾಕು.

ದರ್ಜೆಗಿಂತ ಹೆಚ್ಚು ಫಲ ಕೊಡುವ ಕೆಲಸಗಳು ಬೇರೆಯಿವೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸುವುದು, ಓಣಿಯ ಧೂಳಿನಲ್ಲಿ ಬೇಗ ಕಟ್ಟಿಕೊಳ್ಳುವ ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಪರೀಕ್ಷಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ ಮಾರ್ಗ. ಹತ್ತು ಮನೆಗೊಂದು ನಿಲುಗಡೆ ಗೊತ್ತುಪಡಿಸಿ, ಅಲ್ಲಿಗೆ ಬಕೆಟ್ ತರುವಂತೆ ಜನರನ್ನು ಒಪ್ಪಿಸುವ ಕೆಲಸ ಆಯಾ ವಾರ್ಡಿನ ಸದಸ್ಯರಿಂದ ಮಾತ್ರ ಸಾಧ್ಯ. ಅದು ಚಾಲಕಿಯ ಕೈಯಲ್ಲಿಲ್ಲ, ಪಿಡಿಒ ಕೈಯಲ್ಲೂ ಇಲ್ಲ.

ಪೂರ್ತಿ ಟ್ಯಾಂಕಿನ ಲೆಕ್ಕಕ್ಕೆ ಹೊಂದುವ ಲಾಗ್ ಪುಸ್ತಕದಲ್ಲಿ ದಿನಾಂಕ, ಓಡೋಮೀಟರ್ ಅಂಕಿ, ಲೀಟರ್, ದರ, ಇಂಧನದ ದರ್ಜೆ, ನಿಲುಗಡೆಗಳ ಸಂಖ್ಯೆ ಎಂಬ ಆರು ಕಲಂಗಳಿದ್ದರೆ ಸಾಕಾಗುತ್ತದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಇಂಧನದ ಬಿಲ್ಲಿನೊಡನೆ ಆ ಪುಸ್ತಕವನ್ನೂ ಮಂಡಿಸುವಂತೆ ತಮ್ಮ ಕಾರ್ಯದರ್ಶಿಗಳಿಗೆ ತಿಳಿಸಬಹುದು. ಚಾಲಕಿಯನ್ನೂ ಆ ಸಭೆಗೆ ಕರೆದು ಕುಳ್ಳಿರಿಸಿಕೊಳ್ಳಿ. ಕೊನೆಯ ಕಲಂನ ವಿವರಣೆಯನ್ನು ಅವರೇ ಕೊಡಲಿ.