ಹೆಸರಿಲ್ಲದ ಸುದ್ದಿಗಾರ

ಬೇಹುಗಾರನ ಮಾತನ್ನು ಎಷ್ಟು ನಂಬಬೇಕು? ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮೂವರು ಚಾರರ ಮಾತು ಒಂದಾದರೆ ನಂಬಬಹುದೆಂದಿದೆ. ನಮ್ಮ 1985ರ ಮಾದಕವಸ್ತು ಕಾಯಿದೆಯಲ್ಲಿ ಶೋಧನೆಗೆ ಒಬ್ಬನ ಮಾತೂ ಸಾಕಾದೀತು. ಅಧಿಕಾರಿ ಅದನ್ನು ಬರೆದಿಟ್ಟು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ಸುದ್ದಿ ತಂದವನಾರೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ.

ಈ ಮರೆ ಬೇಕು. ಮುಂಡರಗಿಯ ಕಡೆ ಹತ್ತಿಯ ಸಾಲುಗಳ ನಡುವೆ ಗಾಂಜಾ ಕಂಡ ಕೂಲಿಯಾಳಿನ ಹೆಸರು ಹೊರಬಿದ್ದರೆ, ಮರುದಿನ ಅವನಿಗೆ ಕೂಲಿಯೂ ಇಲ್ಲ, ಊರೂ ಇಲ್ಲ. ಆದರೆ ಅದೇ ಮರೆಯಲ್ಲಿ ನಿಂತು ಸುಳ್ಳು ಸುದ್ದಿಯಿಂದ ದಾಯಾದಿಯ ಮೇಲೆ ಹಗೆ ತೀರಿಸಿಕೊಳ್ಳುವವನೂ ಉಂಟು. ಅಂಥವನಿಗೆ 2 ವರ್ಷಗಳವರೆಗೆ ಸೆರೆಯುಂಟೆಂದು ಕಾಯಿದೆ ಹೇಳುತ್ತದೆ. ಹೆಸರೇ ತಿಳಿಯದವನ ಮೇಲೆ ನೊಂದವನು ದೂರುವುದೆಂತು? ಆದ್ದರಿಂದ ಬಾಗಿಲು ತಟ್ಟುವ ಮುನ್ನವೇ ಅಧಿಕಾರಿಯು ಕೌಟಿಲ್ಯನ ಉಳಿದಿಬ್ಬರನ್ನು ಹುಡುಕಿಕೊಳ್ಳುವುದು ಲೇಸು.